ಪಲ್ಸಾರ್ ಮಿಣುಕೋದಿಲ್ಲ, ತಿರುಗುತ್ತೆ

(ನಮ್ಮ ಚಾನೆಲ್‌ನ ವಿಡಿಯೊ ಮಾತುಕತೆಯ ಬರಹರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಕೇಳುಗರ ಪ್ರಶ್ನೆಗಳು ಕೊನೆಯಲ್ಲಿವೆ.)

ಶನಿವಾರ ಸಂಜೆ, ವಾರದ ಬಟ್ಟೆ ಒಗೆಯೋದು, ತರಕಾರಿ ತರೋದು ಎಲ್ಲ ಬಿಟ್ಟು ಬಂದು ಕೂತಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್.

ಮೊದಲೇ ಹೇಳಿಬಿಡ್ತೀನಿ, ನಾನು ಖಗೋಳ ವಿಜ್ಞಾನಿ ಅಲ್ಲ. ಊರು ಹುಬ್ಬಳ್ಳಿ. ಪುಣೆಗೆ ಬಂದು 14 ವರ್ಷ ಆಯ್ತು. ಹಿಂಜವಡಿಯಲ್ಲಿ ಪ್ರೊಡಕ್ಷನ್ ಸಪೋರ್ಟ್ ಕೆಲಸ. ಅಂದ್ರೆ ರಾತ್ರಿ ಎರಡು ಗಂಟೆಗೆ ಫೋನ್ ಹೊಡ್ಕೊಂಡ್ರೆ ಎದ್ದು ಲ್ಯಾಪ್‌ಟಾಪ್ ತೆಗೆಯೋ ಜಾತಿ ನಮ್ಮದು. ಹಾಗಿದ್ರೆ ಪಲ್ಸಾರ್ ಬಗ್ಗೆ ಯಾಕೆ ಮಾತಾಡ್ತಿದ್ದೀನಿ ಅಂದ್ರೆ, ನನ್ನ ಮಗಳಿಗೆ ಒಂದು ತಪ್ಪು ಉತ್ತರ ಕೊಟ್ಟಿದ್ದೆ. ಅದನ್ನ ಸರಿ ಮಾಡೋಕೆ ಹೋಗಿ ಇಷ್ಟು ದೂರ ಬಂದಿದ್ದೀನಿ.

ಖೋಡದ್‌ನಲ್ಲಿ ಕೊಟ್ಟ ತಪ್ಪು ಉತ್ತರ

ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ಹೋದ್ರೆ ನಾರಾಯಣಗಾಂವ್, ಅದರ ಹತ್ತಿರ ಖೋಡದ್ ಅನ್ನೋ ಹಳ್ಳಿ. ಅಲ್ಲಿದೆ ಜಿಎಂಆರ್‌ಟಿ ರೇಡಿಯೊ ದೂರದರ್ಶಕ. ಪ್ರೊಫೆಸರ್ ಗೋವಿಂದ್ ಸ್ವರೂಪ್ ಅವರ ಕನಸಿನ ಕೂಸು. 45 ಮೀಟರ್ ಅಗಲದ 30 ಡಿಶ್‌ಗಳು. 14 ಡಿಶ್ ನಡುವೆ ಗುಂಪಾಗಿವೆ, ಉಳಿದ 16 ಮೂರು ದಿಕ್ಕಿಗೆ ಚಾಚಿಕೊಂಡು ಸುಮಾರು 25 ಕಿಲೋಮೀಟರ್ ಉದ್ದಗಲಕ್ಕೆ ಹರಡಿವೆ. ಟೊಮೆಟೊ, ದ್ರಾಕ್ಷಿ ತೋಟಗಳ ನಡುವೆ ಇಷ್ಟೆತ್ತರದ ತಂತಿ ಬಲೆ ಆಕಾಶ ನೋಡ್ತಾ ನಿಂತಿರುತ್ತೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಅಲ್ಲಿ ಪ್ರದರ್ಶನ ನಡೆಯುತ್ತೆ, ಜನಕ್ಕೆ ಒಳಗೆ ಬಿಡ್ತಾರೆ. ಮಗಳನ್ನ ಕರ್ಕೊಂಡು ಹೋಗಿದ್ದೆ.

ಒಂದು ಮೇಜಿನ ಹತ್ತಿರ ಸ್ಪೀಕರ್ ಇಟ್ಟಿದ್ರು. ಟಕ್, ಟಕ್, ಟಕ್ ಅಂತ ಶಬ್ದ. ಒಳ್ಳೆ ಗಡಿಯಾರದ ಹಾಗೆ. "ಇದು ಒಂದು ನಕ್ಷತ್ರದಿಂದ ಬರ್ತಿರೋ ರೇಡಿಯೊ ಸಿಗ್ನಲ್, ಶಬ್ದವಾಗಿ ಬದಲಾಯಿಸಿದ್ದೀವಿ" ಅಂದ್ರು. ಮಗಳು ಕೇಳಿದಳು, "ಪಪ್ಪಾ, ಅದು ಯಾಕೆ ಹಂಗ ಹತ್ತಿ ಹತ್ತಿ ಆರ್ತದ?" ನಾನು ದೊಡ್ಡ ಇಂಜಿನಿಯರ್ ಅಲ್ವಾ, ತಡ ಮಾಡದೆ ಹೇಳಿದೆ: "ನಮ್ಮನೆ ರೂಟರ್ ಮೇಲಿನ ದೀಪ ಮಿಣುಕ್ತದಲ್ಲ, ಹಂಗ."

ಮೇಜಿನ ಆಚೆ ನಿಂತಿದ್ದ ಹುಡುಗ ರಿಸರ್ಚ್ ವಿದ್ಯಾರ್ಥಿ ಇರಬೇಕು. ಮೆಲ್ಲಗೆ ಹೇಳಿದ: "ಸರ್, ವೊ ಬುಝ್‌ತಾ ಹೀ ನಹೀಂ." ಅದು ಆರೋದೇ ಇಲ್ಲ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿ. ಆರೋದೇ ಇಲ್ಲ ಅಂದ್ರೆ ಟಕ್ ಟಕ್ ಎಲ್ಲಿಂದ? ಇವತ್ತಿನ ಮಾತು ಈ ಒಂದು ಪ್ರಶ್ನೆಯ ಉತ್ತರ. ಆದ್ರೆ ಉತ್ತರಕ್ಕೆ ಮೊದಲು, ಆ ಟಕ್ ಟಕ್ ಮೊದಲು ಕೇಳಿಸಿದ್ದು ಯಾರಿಗೆ ಅಂತ ನೋಡೋಣ. ನಮ್ಮಂಥ ಕೆಲಸದವರು ಕೇಳಲೇಬೇಕಾದ ಕಥೆ ಅದು.

ಕಾಗದದ ಮೇಲಿನ ಒಂದು ಗೀಚು

1967, ಇಂಗ್ಲೆಂಡಿನ ಕೇಂಬ್ರಿಜ್. ಜೋಸೆಲಿನ್ ಬೆಲ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿನಿ. ಅವರ ಗೈಡ್ ಆಂಟನಿ ಹ್ಯೂಯಿಶ್. ನಾಲ್ಕೂವರೆ ಎಕರೆ ಹೊಲದಲ್ಲಿ ಸಾವಿರಕ್ಕೂ ಹೆಚ್ಚು ಕಂಬ ನೆಟ್ಟು, ಸುಮಾರು 190 ಕಿಲೋಮೀಟರ್ ತಂತಿ ಎಳೆದು, ಎರಡು ವರ್ಷ ಕೈಯಾರೆ ದುಡಿದು ಒಂದು ರೇಡಿಯೊ ದೂರದರ್ಶಕ ಕಟ್ಟಿದ್ರು. ನೋಡೋಕೆ ದ್ರಾಕ್ಷಿ ಚಪ್ಪರದ ಹಾಗಿತ್ತು ಅನ್ನಬಹುದು. ಕೆಲಸ ಶುರುವಾದ ಮೇಲೆ ಡೇಟಾ ನೋಡೋ ಜವಾಬ್ದಾರಿ ಬೆಲ್ ಅವರದು. ಡೇಟಾ ಅಂದ್ರೆ ಕಂಪ್ಯೂಟರ್ ಫೈಲ್ ಅಲ್ಲ. ದಿನಕ್ಕೆ 30 ಮೀಟರ್ ಚಾರ್ಟ್ ಪೇಪರ್, ಅದರ ಮೇಲೆ ಪೆನ್ ಎಳೆದ ಗೆರೆ. ಆಕಾಶ ಪೂರ್ತಿ ಒಂದು ಸುತ್ತು ನೋಡೋಕೆ ನಾಲ್ಕು ದಿನ, ಅಂದ್ರೆ 120 ಮೀಟರ್ ಕಾಗದ. ಎಲ್ಲಾ ಕಣ್ಣಲ್ಲೇ ನೋಡಬೇಕು.

ಅಷ್ಟುದ್ದದ ಕಾಗದದಲ್ಲಿ ಒಂದು ಬೆರಳಿನ ಅಗಲವೂ ಇಲ್ಲದ ಜಾಗದಲ್ಲಿ ಒಂದು ಗೀಚು ಕಾಣಿಸ್ತು. ಅವರು ಹುಡುಕ್ತಿದ್ದ ಆಕಾಶಕಾಯದ ಗುರುತೂ ಅಲ್ಲ, ಯಾರದೋ ಗಾಡಿ ಎಂಜಿನ್ನಿನ ಕಿರಿಕಿರಿಯ ಗುರುತೂ ಅಲ್ಲ. ಯಾವುದಕ್ಕೂ ಹೊಂದಲಿಲ್ಲ. ಆದ್ರೆ ಅವರಿಗೆ ಒಂದು ನೆನಪು ಬಂತು: ಇದನ್ನ ಮುಂಚೆ ನೋಡಿದ್ದೀನಿ, ಆಕಾಶದ ಇದೇ ಜಾಗದಲ್ಲಿ. ಹಳೇ ಸುರುಳಿಗಳನ್ನ ಬಿಚ್ಚಿ ನೋಡಿದ್ರೆ, ಹೌದು, ಇತ್ತು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಹಿಂದಿನ ಒಂದು ಕಂಪನಿಯಲ್ಲಿ ನಮ್ಮ ಮಾನಿಟರಿಂಗ್ ಗ್ರಾಫ್‌ನಲ್ಲಿ ಒಂದು ಸಣ್ಣ ತಗ್ಗು ಬರ್ತಿತ್ತು. ಸರಿಯಾಗಿ 47 ನಿಮಿಷಕ್ಕೊಂದು ಸಲ, ಎರಡೇ ಸೆಕೆಂಡ್. ಅಲರ್ಟ್ ಬಂದಾಗಲೆಲ್ಲ ನಿದ್ದೆಗೇಡು. ನಾನೇನು ಮಾಡಿದೆ? "ನೆಟ್‌ವರ್ಕ್ ನಾಯ್ಸ್, ನಿರ್ಲಕ್ಷಿಸಿ" ಅಂತ ಬರೆದು ಅಲರ್ಟ್ ಮುಚ್ಚಿಬಿಟ್ಟೆ. ಮೂರು ತಿಂಗಳಾದ ಮೇಲೆ, ತಿಂಗಳ ಕೊನೆ ದಿನ, ಸಿಸ್ಟಮ್ ನಾಲ್ಕು ಗಂಟೆ ಮಲಗಿತು. ನಮ್ಮದೇ ಒಂದು ಜಾಬ್ ಪ್ರತಿ ಸಲ ಓಡಿದಾಗ ಒಂದಿಷ್ಟು ಕನೆಕ್ಷನ್ ತೆರೆದು ಮುಚ್ಚದೇ ಬಿಡ್ತಿತ್ತು. ಕಾಣೆಯಾದ ಗೆರೆಯೇನಲ್ಲ, ಗ್ರಾಫ್‌ನಲ್ಲೇ ಕಣ್ಣ ಮುಂದಿತ್ತು. ಗದ್ದಲ ಯಾವತ್ತೂ 47 ನಿಮಿಷಕ್ಕೊಂದು ಸಲ ಬರೋದಿಲ್ಲ. ಕ್ರಮಬದ್ಧವಾಗಿ ಬರ್ತಿದ್ರೆ ಅದರ ಹಿಂದೆ ಏನೋ ಒಂದು ಯಂತ್ರ ಇರಲೇಬೇಕು.

ಬೆಲ್ ಅದನ್ನ ಮುಚ್ಚಲಿಲ್ಲ. ಕಾಗದ ಬೇಗ ಬೇಗ ಓಡೋ ಹಾಗೆ ಮಾಡಿ, ಅಂದ್ರೆ ನಮ್ಮ ಭಾಷೆಯಲ್ಲಿ ಸ್ಯಾಂಪ್ಲಿಂಗ್ ಜಾಸ್ತಿ ಮಾಡಿ, ದಿನಾ ಕಾಯ್ದರು. ವಾರಗಟ್ಟಲೆ ಏನೂ ಸಿಗಲಿಲ್ಲ, ಸಿಗ್ನಲ್ ಮಂಕಾಗಿತ್ತು. ನವೆಂಬರ್ 28ಕ್ಕೆ ಸಿಕ್ಕಿತು. ಆ ಗೀಚು ಬಿಡಿಬಿಡಿಯಾದ ಬಡಿತಗಳಾಗಿ ಕಾಣಿಸ್ತು. 1.337 ಸೆಕೆಂಡಿಗೆ ಒಂದು.

ಹ್ಯೂಯಿಶ್‌ಗೆ ಮೊದಲು ಅನಿಸಿದ್ದು, ಇದು ಮನುಷ್ಯರದೇ ಏನೋ ಇರಬೇಕು ಅಂತ. ಯಾರಿಗಾದ್ರೂ ಹಾಗೇ ಅನ್ಸುತ್ತೆ. ಆದ್ರೆ ಒಂದು ಸುಳಿವಿತ್ತು. ಮನುಷ್ಯರ ಯಂತ್ರ ಆದ್ರೆ ನಮ್ಮ ಕ್ರಾನ್ ಜಾಬ್ ತರಹ ದಿನಾ ಅದೇ ಹೊತ್ತಿಗೆ ಬರಬೇಕು. ಇದು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರ್ತಿತ್ತು. ಇಪ್ಪತ್ನಾಲ್ಕು ಗಂಟೆ ಸೂರ್ಯನ ದಿನ. ನಕ್ಷತ್ರಗಳು ಅದೇ ಜಾಗಕ್ಕೆ ಬರೋದು 23 ಗಂಟೆ 56 ನಿಮಿಷಕ್ಕೆ. ಅಂದ್ರೆ ಈ ಸಿಗ್ನಲ್ ನಕ್ಷತ್ರಗಳ ಗಡಿಯಾರ ಪಾಲಿಸ್ತಿತ್ತು.

ಬೇರೆ ಲೋಕದವರು ಕಳಿಸ್ತಿರೋ ಸಂದೇಶವೇ? ಅರ್ಧ ತಮಾಷೆಗೆ ಅದಕ್ಕೆ 'ಪುಟ್ಟ ಹಸಿರು ಮನುಷ್ಯರು' ಅಂತ ಹೆಸರೂ ಇಟ್ಟರು. ಆದ್ರೆ ಆ ಮನುಷ್ಯರು ಒಂದು ಗ್ರಹದ ಮೇಲಿದ್ರೆ, ಗ್ರಹ ತನ್ನ ಸೂರ್ಯನನ್ನ ಸುತ್ತುವಾಗ ಬಡಿತದ ಅಂತರ ಸ್ವಲ್ಪ ಹಿಗ್ಗಿ ಕುಗ್ಗಬೇಕು. ಅಳೆದು ನೋಡಿದಾಗ ನಮ್ಮ ಭೂಮಿಯ ಸುತ್ತಾಟ ಬಿಟ್ಟರೆ ಬೇರೆ ಯಾವ ಗ್ರಹದ ಸುತ್ತಾಟವೂ ಕಾಣಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಬೆಲ್ ಅವರಿಗೆ ಆಕಾಶದ ಬೇರೆಯೇ ಮೂಲೆಯಲ್ಲಿ ಎರಡನೇದು ಸಿಕ್ಕಿತು, ಸುಮಾರು 1.2 ಸೆಕೆಂಡಿನದು. ಎರಡು ಕಡೆಯಿಂದ ಎರಡು ಗುಂಪಿನವರು ಒಂದೇ ಸಲ ನಮ್ಮನ್ನ ಕರೆಯೋಕೆ ಸಾಧ್ಯವೇ? ಇದು ನಿಸರ್ಗದ್ದೇ. 1968ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯ್ತು.

1974ರಲ್ಲಿ ನೊಬೆಲ್ ಬಂತು. ಹ್ಯೂಯಿಶ್ ಅವರಿಗೆ, ಜೊತೆಗೆ ಮಾರ್ಟಿನ್ ರೈಲ್ ಅವರಿಗೆ. ಬೆಲ್ ಅವರಿಗೆ ಇಲ್ಲ. 2018ರಲ್ಲಿ ಅವರಿಗೆ 30 ಲಕ್ಷ ಡಾಲರ್‌ನ ಬ್ರೇಕ್‌ಥ್ರೂ ವಿಶೇಷ ಬಹುಮಾನ ಕೊಟ್ಟಾಗ ಆ ದುಡ್ಡನ್ನೆಲ್ಲ ಭೌತವಿಜ್ಞಾನ ಓದೋಕೆ ಅವಕಾಶ ಕಡಿಮೆ ಇರೋ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್‌ಗೆ ಬಿಟ್ಟುಕೊಟ್ಟರು.

ಹುಬ್ಬಳ್ಳಿ-ಧಾರವಾಡದಷ್ಟು ನಕ್ಷತ್ರ

ಸರಿ, ಬಡಿತ ಇದೆ. ಬಡಿಯೋದು ಏನು?

1968ರಲ್ಲಿ ಏಡಿ ನೀಹಾರಿಕೆ, ಅಂದ್ರೆ ಕ್ರ್ಯಾಬ್ ನೆಬ್ಯುಲಾ ನಡುವೆ ಇನ್ನೊಂದು ಪಲ್ಸಾರ್ ಸಿಕ್ತು. ಅದು ಸೆಕೆಂಡಿಗೆ 30 ಸಲ ಬಡಿಯುತ್ತೆ. ಸೆಕೆಂಡಿಗೆ 30 ಸಲ ತಿರುಗೋ ವಸ್ತು ಚದುರಿ ಹೋಗಬಾರದು ಅಂದ್ರೆ ಅದು ತೀರಾ ಗಟ್ಟಿ, ತೀರಾ ಚಿಕ್ಕದು ಇರಬೇಕು. ಭೂಮಿಯಷ್ಟು ಗಾತ್ರಕ್ಕೆ ಕುಗ್ಗಿದ ಶ್ವೇತಕುಬ್ಜ ನಕ್ಷತ್ರಗಳಿವೆ. ಅವನ್ನ ಅಷ್ಟು ವೇಗವಾಗಿ ತಿರುಗಿಸಿದ್ರೆ ಒಡೆದು ಹಾರಿಹೋಗ್ತವೆ. ಉಳಿದಿದ್ದು ಒಂದೇ ದಾರಿ: ನ್ಯೂಟ್ರಾನ್ ನಕ್ಷತ್ರ.

ದೊಡ್ಡ ನಕ್ಷತ್ರ ತನ್ನ ಇಂಧನ ಮುಗಿಸಿದಾಗ ಅದರ ಒಳಗಿನ ತಿರುಳು ಒಂದೇ ಸಲಕ್ಕೆ ಕುಸಿಯುತ್ತೆ, ಹೊರಭಾಗ ಸೂಪರ್‌ನೋವಾ ಆಗಿ ಸಿಡಿಯುತ್ತೆ. ಕುಸಿದ ತಿರುಳೇ ನ್ಯೂಟ್ರಾನ್ ನಕ್ಷತ್ರ. ನಮ್ಮ ಸೂರ್ಯನ ಸುಮಾರು 1.4 ಪಟ್ಟು ತೂಕ, ಆದ್ರೆ ಅಗಲ 20ರಿಂದ 24 ಕಿಲೋಮೀಟರ್ ಅಷ್ಟೇ. ಹುಬ್ಬಳ್ಳಿಯಲ್ಲಿ ಬಸ್ ಹತ್ತಿ ಧಾರವಾಡದಲ್ಲಿ ಇಳಿದಷ್ಟು. ಪುಣೆಯವರಿಗೆ ಹೇಳಬೇಕು ಅಂದ್ರೆ ಹಿಂಜವಡಿಯಿಂದ ಹಡಪ್ಸರ್‌ಗೆ ನೇರ ಗೆರೆ ಎಳೆದಷ್ಟು. ಅಷ್ಟರಲ್ಲಿ ಒಂದು ಸೂರ್ಯ ಪೂರ್ತಿ, ಮೇಲೆ ಇನ್ನೊಂದಿಷ್ಟು. ಅದರ ಒಂದು ಟೀ ಚಮಚ ತೆಗೆದ್ರೆ 200 ಕೋಟಿ ಟನ್ನಿಗೂ ಜಾಸ್ತಿ ತೂಗುತ್ತೆ.

ಈಗ ವೇಗ ಎಲ್ಲಿಂದ ಬಂತು? ಆಫೀಸ್ ಕುರ್ಚಿಯಲ್ಲಿ ಕೂತು ಕೈ ಚಾಚಿ ಗಿರ್ರನೆ ತಿರುಗಿ, ಆಮೇಲೆ ಕೈ ಎದೆಗೆ ಎಳ್ಕೊಳ್ಳಿ. ವೇಗ ಜಾಸ್ತಿ ಆಗುತ್ತೆ. ಯಾರೂ ನೋಡದಾಗ ನಾವೆಲ್ಲ ಇದನ್ನ ಮಾಡಿರ್ತೀವಿ. ನಕ್ಷತ್ರದ ತಿರುಳೂ ಹಾಗೇ. ಲೆಕ್ಕಕ್ಕೆ 5,000 ಕಿಲೋಮೀಟರ್ ತ್ರಿಜ್ಯದ ತಿರುಳು 10 ಕಿಲೋಮೀಟರ್‌ಗೆ ಕುಗ್ಗಿತು ಅಂದ್ಕೊಳ್ಳಿ. 500 ಪಟ್ಟು ಚಿಕ್ಕದಾಯ್ತು. ತಿರುಗೋ ವೇಗ 500ರ ವರ್ಗದಷ್ಟು, ಅಂದ್ರೆ ಎರಡೂವರೆ ಲಕ್ಷ ಪಟ್ಟು ಏರುತ್ತೆ. ಎರಡು ಗಂಟೆಗೆ ಒಂದು ಸುತ್ತು ಹಾಕ್ತಿದ್ದ ತಿರುಳು ಈಗ ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸುತ್ತು ಹಾಕುತ್ತೆ.

ವೇಗದ ಜೊತೆ ಕಾಂತಕ್ಷೇತ್ರವೂ ಹಿಂಡಿಕೊಳ್ಳುತ್ತೆ. ತಿರುಳಿನಲ್ಲಿದ್ದ ಕಾಂತರೇಖೆಗಳೆಲ್ಲ ಒಂದು ಊರಿನಷ್ಟು ಜಾಗಕ್ಕೆ ಒತ್ತೊತ್ತಾಗಿ ಸೇರ್ಕೊಳ್ತವೆ. ಸಾಮಾನ್ಯ ಪಲ್ಸಾರ್‌ನ ಕಾಂತಕ್ಷೇತ್ರ ಭೂಮಿಯದಕ್ಕಿಂತ ಲಕ್ಷ ಕೋಟಿ ಪಟ್ಟಿನ ಲೆಕ್ಕದಲ್ಲಿರುತ್ತೆ. ಒಟ್ಟಿನಲ್ಲಿ ನಮ್ಮ ಕೈಯಲ್ಲಿರೋದು ಗಿರಗಿರ ತಿರುಗೋ ಒಂದು ದೈತ್ಯ ಅಯಸ್ಕಾಂತ.

ಅಪ್ಪನ ಸೈಕಲ್ಲು

ಪಲ್ಸಾರ್ ಬಗ್ಗೆ ಯಾವ ಪುಸ್ತಕ ತೆಗೆದ್ರೂ ದೀಪಸ್ತಂಭದ ಹೋಲಿಕೆ ಇರುತ್ತೆ. ಸಮುದ್ರ ದಂಡೆಯ ದೀಪಸ್ತಂಭದ ದೀಪ ಆರೋದಿಲ್ಲ, ಅದರ ಕಿರಣ ಸುತ್ತುತ್ತೆ. ದೋಣಿಯಲ್ಲಿರೋರಿಗೆ ಕಿರಣ ಕಣ್ಣ ಮುಂದೆ ಹಾದಾಗ ಮಾತ್ರ ಬೆಳಕು. ಹೋಲಿಕೆ ಸರಿ. ಖೋಡದ್‌ನ ಹುಡುಗ ಹೇಳಿದ್ದೂ ಇದೇ.

ಆದ್ರೆ ನನ್ನ ತಲೆ ಅಲ್ಲಿಗೆ ನಿಲ್ಲಲಿಲ್ಲ. ದೀಪಸ್ತಂಭಕ್ಕೆ ಕರೆಂಟು ಬೇರೆ ಕಡೆಯಿಂದ ಬರುತ್ತೆ. ಪಲ್ಸಾರ್ ತನ್ನೊಳಗಿನ ಇಂಧನವನ್ನೆಲ್ಲ ಮುಗಿಸಿ ಕೂತ ನಕ್ಷತ್ರ. ಅದರ ದೀಪಕ್ಕೆ ಕರೆಂಟು ಎಲ್ಲಿಂದ?

ಉತ್ತರ ಸಿಕ್ಕಿದ್ದು ಹುಬ್ಬಳ್ಳಿಯ ನಮ್ಮನೆ ಹಿತ್ತಲಲ್ಲಿ. ನಮ್ಮಪ್ಪನ ಹಳೇ ಸೈಕಲ್ಲು ಇನ್ನೂ ಇದೆ, ಡೈನಮೋ ಸಮೇತ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಟೈರಿಗೆ ತಾಗೋ ಹಾಗೆ ಒಂದು ಪುಟ್ಟ ಬಾಟಲಿಯಂಥದ್ದು, ಒಳಗೆ ಅಯಸ್ಕಾಂತ. ಗಾಲಿ ತಿರುಗಿದ್ರೆ ಅದೂ ತಿರುಗಿ ಮುಂದಿನ ದೀಪ ಹತ್ತುತ್ತೆ. ದೀಪಾವಳಿ ರಜಕ್ಕೆ ಹೋದಾಗ ಸೈಕಲ್ಲನ್ನ ತಲೆಕೆಳಗಾಗಿ ನಿಲ್ಲಿಸಿ ಮಗಳಿಗೆ ಹೇಳಿದೆ, ಡೈನಮೋ ಎತ್ತಿ ಗಾಲಿ ತಿರುಗಿಸು ಅಂತ. ಗಾಲಿ ಸುಮ್ನೆ ಬಹಳ ಹೊತ್ತು ತಿರುಗ್ತಾ ಇತ್ತು. ಆಮೇಲೆ ಡೈನಮೋ ಒತ್ತಿ ತಿರುಗಿಸಿದಳು. ದೀಪ ಹತ್ತಿತು, ಆದ್ರೆ ಗಾಲಿ ಬೇಗ ಸೋತು ನಿಂತ್ಹೋಯ್ತು. ಕಟ್ಟೆ ಮೇಲೆ ಕೂತಿದ್ದ ಅಪ್ಪ ಅಂದ್ರು, "ಬೆಳಕ ಪುಕ್ಕಟೆ ಬರೂದಿಲ್ಲವಾ. ಗಾಲಿ ತನ್ನ ಓಟದಾಗಿಂದ ತಗದು ಕೊಡಬೇಕು."

ಪಲ್ಸಾರ್‌ನ ಅರ್ಧ ವಿಜ್ಞಾನ ಆ ಮಾತಿನಲ್ಲಿದೆ. ಅದು ಯಾರೂ ಪೆಡಲ್ ಮಾಡದ ಡೈನಮೋ ಸೈಕಲ್ಲು. ಹುಟ್ಟುವಾಗ ಸಿಕ್ಕ ಓಟ ಒಂದೇ ಅದರ ಬಂಡವಾಳ. ಆ ಓಟವನ್ನೇ ಕರಗಿಸಿ ಬೆಳಗುತ್ತೆ.

ಇದು ಬರೀ ಹೋಲಿಕೆ ಅಲ್ಲ, ಲೆಕ್ಕ ತಾಳೆಯಾಗುತ್ತೆ. ಏಡಿ ನೀಹಾರಿಕೆಯ ಪಲ್ಸಾರ್ ದಿನಾ ಸುಮಾರು 36 ನ್ಯಾನೊಸೆಕೆಂಡ್ ನಿಧಾನ ಆಗ್ತಿದೆ. ಅಂದ್ರೆ ಅದರ ಒಂದು ಸುತ್ತಿನ ಹೊತ್ತು ಅಷ್ಟು ಉದ್ದ ಆಗ್ತಿದೆ. ನಿಮಗದು ಜುಜುಬಿ ಅನ್ಸಬಹುದು. ಆದ್ರೆ ಸೂರ್ಯನಿಗಿಂತ ಭಾರದ ವಸ್ತುವನ್ನ ಅಷ್ಟು ನಿಧಾನ ಮಾಡೋಕೆ ಹೋಗೋ ಶಕ್ತಿ ಸುಮಾರು ಒಂದು ಲಕ್ಷ ಸೂರ್ಯರು ಬೆಳಗಿದಷ್ಟು. ಇಡೀ ಏಡಿ ನೀಹಾರಿಕೆ ಯಾವ ಶಕ್ತಿಯಿಂದ ಹೊಳೀತಿದೆ ಅನ್ನೋದು ಅಲ್ಲಿವರೆಗೆ ಒಗಟಾಗಿತ್ತು. ನೀಹಾರಿಕೆಯ ಖರ್ಚು, ಪಲ್ಸಾರ್ ಕಳ್ಕೊಳ್ಳೋ ಓಟ, ಎರಡೂ ಹೊಂದಿಕೆಯಾದವು.

ಇನ್ನೊಂದು ತಾಳೆ ನೋಡಿ. ಈಗಿನ ವೇಗ, ನಿಧಾನ ಆಗ್ತಿರೋ ದರ, ಇವೆರಡೇ ಇಟ್ಕೊಂಡು ಹಿಂದಕ್ಕೆ ಲೆಕ್ಕ ಹಾಕಿದ್ರೆ ಅದರ ವಯಸ್ಸು ಸುಮಾರು 1,250 ವರ್ಷ ಬರುತ್ತೆ. ನಿಜವಾಗಿ ಆ ಸೂಪರ್‌ನೋವಾ ಕಂಡಿದ್ದು 1054ರಲ್ಲಿ, ಚೀನಾದ ಜ್ಯೋತಿಷಿಗಳು ಬರೆದಿಟ್ಟಿದ್ದಾರೆ. ಅಂದ್ರೆ ಸುಮಾರು 970 ವರ್ಷ. ಇಷ್ಟು ಸರಳ ಲೆಕ್ಕಕ್ಕೆ ಇದು ಒಳ್ಳೇ ಅಂದಾಜೇ.

ಕಿರಣ ಹುಟ್ಟೋ ಜಾಗ

ಈಗ ಯಂತ್ರದ ಒಳಗೆ ಹೋಗೋಣ. ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಮೊದಲನೇದು, ಓರೆ. ಭೂಮಿಯ ಕಾಂತಧ್ರುವ ಸರಿಯಾಗಿ ಉತ್ತರ ಧ್ರುವದಲ್ಲಿಲ್ಲ, ಸ್ವಲ್ಪ ಪಕ್ಕಕ್ಕಿದೆ. ನ್ಯೂಟ್ರಾನ್ ನಕ್ಷತ್ರದಲ್ಲೂ ತಿರುಗೋ ಅಕ್ಷ ಒಂದು ಕಡೆ, ಕಾಂತದ ಅಕ್ಷ ಇನ್ನೊಂದು ಕಡೆ. ಎರಡೂ ಒಂದೇ ಗೆರೆಯಲ್ಲಿದ್ರೆ ಕಿರಣ ಸುತ್ತುತ್ತಲೇ ಇರಲಿಲ್ಲ, ಟಕ್ ಟಕ್ ಇರ್ತಿರಲಿಲ್ಲ.

ಎರಡನೇದು, ವೋಲ್ಟೇಜ್. ಅಯಸ್ಕಾಂತ ತಿರುಗಿದ್ರೆ ವಿದ್ಯುತ್ ಹುಟ್ಟುತ್ತೆ, ಡೈನಮೋದಲ್ಲಿ ನೋಡಿದ್ವಿ. ಇಲ್ಲಿ ಅದು ಲಕ್ಷ ಕೋಟಿ ವೋಲ್ಟ್‌ಗಳ ಲೆಕ್ಕದಲ್ಲಿ ಹುಟ್ಟುತ್ತೆ. ಅಲ್ಲಿನ ಭಯಂಕರ ಗುರುತ್ವವನ್ನೂ ಮೀರಿಸಿ ಮೇಲ್ಮೈಯಿಂದ ಎಲೆಕ್ಟ್ರಾನುಗಳನ್ನ ಕಿತ್ತು ಮೇಲಕ್ಕೆಳೆಯುತ್ತೆ. ಆ ಕಣಗಳು ಕಾಂತರೇಖೆಗೆ ಕಟ್ಟುಬಿದ್ದಿವೆ. ತಂತಿಯಲ್ಲಿ ಪೋಣಿಸಿದ ಮಣಿ ಹಾಗೆ ರೇಖೆಯ ಉದ್ದಕ್ಕೆ ಮಾತ್ರ ಹೋಗಬಹುದು.

ಮೂರನೇದು, ಗಡಿ. ಚಿಕ್ಕವರಿದ್ದಾಗ ಹತ್ತು ಹುಡುಗರು ಕೈ ಕೈ ಹಿಡ್ಕೊಂಡು ಸಾಲಾಗಿ ನಿಂತು, ನಡುವಿನವನ ಸುತ್ತ ತಿರುಗೋ ಆಟ ಆಡಿರ್ತೀರಿ. ನಡುವಿನವನು ನಿಂತಲ್ಲೇ ತಿರುಗ್ತಾನೆ, ತುದಿಯವನು ಎದ್ನೋ ಬಿದ್ನೋ ಅಂತ ಓಡಬೇಕು. ಸಾಲು ಉದ್ದ ಆದ್ರೆ ಒಂದು ಹಂತದಲ್ಲಿ ಅವನ ಕೈ ತಪ್ಪುತ್ತೆ. ನಕ್ಷತ್ರದ ಜೊತೆ ಅದರ ಕಾಂತರೇಖೆಗಳೂ ತಿರುಗಬೇಕು. ದೂರ ಹೋದಷ್ಟು ವೇಗ ಜಾಸ್ತಿ ಬೇಕು. ಒಂದು ದೂರದಲ್ಲಿ ಬೆಳಕಿನ ವೇಗವೇ ಬೇಕಾಗುತ್ತೆ. ಅದರಾಚೆ ಯಾವುದೂ ಜೊತೆಗೆ ತಿರುಗೋಕಾಗಲ್ಲ. ಏಡಿ ನೀಹಾರಿಕೆಯ ಪಲ್ಸಾರ್‌ಗೆ ಆ ಗಡಿ ಸುಮಾರು 1,600 ಕಿಲೋಮೀಟರ್. ಬೆಲ್ ಕಂಡ ಮೊದಲ ಪಲ್ಸಾರ್‌ಗೆ ಸುಮಾರು 64,000 ಕಿಲೋಮೀಟರ್.

ಗಡಿಯ ಒಳಗೇ ಬಾಗಿ ವಾಪಸ್ ಬರೋ ರೇಖೆಗಳು ಮುಚ್ಚಿದ ರೇಖೆಗಳು. ಕಣಗಳು ಅಲ್ಲೇ ಸಿಕ್ಕಿಬಿದ್ದು ನಕ್ಷತ್ರದ ಜೊತೆ ಸುತ್ತುತ್ತವೆ. ಗಡಿ ದಾಟೋ ರೇಖೆಗಳು ವಾಪಸ್ ಬರಲ್ಲ, ತೆರೆದೇ ಉಳೀತವೆ. ಈ ತೆರೆದ ರೇಖೆಗಳು ಹೊರಡೋದು ಕಾಂತಧ್ರುವದ ಸುತ್ತಲಿನ ಒಂದು ಪುಟ್ಟ ಜಾಗದಿಂದ. ಮೊದಲ ಪಲ್ಸಾರ್‌ನಲ್ಲಿ ಲೆಕ್ಕ ಹಾಕಿದ್ರೆ ಸುಮಾರು 250 ಮೀಟರ್ ಅಗಲ. ಒಂದು ದೊಡ್ಡ ಸ್ಟೇಡಿಯಂನಷ್ಟು! ಕೋಟ್ಯಂತರ ಕೋಟಿ ಕಿಲೋಮೀಟರ್ ದೂರದಿಂದ ನಾವು ಕೇಳೋ ಟಕ್ ಟಕ್‌ನ ಬೇರು ಇರೋದು ಅಷ್ಟು ಜಾಗದಲ್ಲಿ.

ನಾಲ್ಕನೇದು, ಸರಪಳಿ. ಆ ಸ್ಟೇಡಿಯಂ ಮೇಲಿಂದ ಹಾರಿದ ಎಲೆಕ್ಟ್ರಾನ್ ಹೆಚ್ಚುಕಮ್ಮಿ ಬೆಳಕಿನ ವೇಗಕ್ಕೆ ಏರುತ್ತೆ. ಬಾಗಿದ ರೇಖೆಯ ಮೇಲೆ ಓಡುವಾಗ ಗಾಮಾ ಕಿರಣ ಉಗುಳುತ್ತೆ. ಅಂಥ ಕಾಂತಕ್ಷೇತ್ರದಲ್ಲಿ ಗಾಮಾ ಕಿರಣ ಒಡೆದು ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಜೋಡಿ ಹುಟ್ಟುತ್ತೆ. ಅವೂ ಓಡ್ತವೆ, ಅವೂ ಗಾಮಾ ಉಗುಳ್ತವೆ, ಮತ್ತೆ ಜೋಡಿ. ಒಂದು ರಿಕ್ವೆಸ್ಟ್ ಸಾವಿರ ರಿಕ್ವೆಸ್ಟ್ ಹುಟ್ಟಿಸಿದ ಹಾಗೆ. ಈ ಕಣಗಳ ಪ್ರವಾಹ ಮೇಲೇರುವಾಗ ಕೆಲವು ನೂರು ಕಿಲೋಮೀಟರ್ ಎತ್ತರದ ಸುಮಾರಿಗೆ ರೇಡಿಯೊ ಕಿರಣ ಹೊಮ್ಮುತ್ತೆ. ತೆರೆದ ರೇಖೆಗಳ ದಿಕ್ಕಿನಲ್ಲೇ, ಕೊಳವೆಯಿಂದ ಬಂದ ಹಾಗೆ. ಎರಡು ಧ್ರುವಗಳಿಂದ ಎರಡು ಕಿರಣ.

ಆ ರೇಡಿಯೊ ಕಿರಣ ಇಷ್ಟು ಜೋರಾಗಿರೋಕೆ ಕಾರಣ ಕಣಗಳ ಒಗ್ಗಟ್ಟು. ಸಾವಿರ ಜನ ಬೇಕಾಬಿಟ್ಟಿ ಚಪ್ಪಾಳೆ ತಟ್ಟಿದ್ರೆ ಅದು ಗದ್ದಲ. ಅದೇ ಸಾವಿರ ಜನ ಭಜನೆಯಲ್ಲಿ ಒಂದೇ ತಾಳಕ್ಕೆ ತಟ್ಟಿದ್ರೆ ಓಣಿಯಾಚೆಗೂ ಕೇಳುತ್ತೆ. ಕಣಗಳೂ ತಾಳ ಹಿಡಿದು ಒಟ್ಟಿಗೆ ಹೊಮ್ಮಿಸ್ತವೆ. ಅವು ತಾಳ ಹೇಗೆ ಹಿಡೀತವೆ ಅನ್ನೋದರ ಮೇಲೆ ಅರ್ಧ ಶತಮಾನ ದಾಟಿದ್ರೂ ವಿಜ್ಞಾನಿಗಳ ನಡುವೆ ಚರ್ಚೆ ಮುಗಿದಿಲ್ಲ.

ಛತ್ರಿಯ ಕಡ್ಡಿಗಳು, ಮತ್ತು ಬೆಂಗಳೂರು

ಕಿರಣ ಕಾಂತಧ್ರುವದಿಂದ ಬರ್ತಿದೆ ಅಂತ ಇಲ್ಲಿ ಕೂತು ಹೇಗೆ ಗೊತ್ತಾಯ್ತು? 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ವಿ. ರಾಧಾಕೃಷ್ಣನ್ ಮತ್ತು ಕುಕ್ ಸೇರಿ ವೇಲಾ ಪಲ್ಸಾರ್ ನೋಡಿದರು. ರೇಡಿಯೊ ಅಲೆಗೆ ಒಂದು ಕಂಪನದ ದಿಕ್ಕಿರುತ್ತೆ. ಒಂದೊಂದು ಬಡಿತದ ಒಳಗೂ ಆ ದಿಕ್ಕು ನಯವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲ್ತಾ ಹೋಗೋದು ಕಾಣಿಸ್ತು.

ಬಿಚ್ಚಿದ ಛತ್ರಿಯ ಕಡ್ಡಿಗಳನ್ನ ನೆನೆಸ್ಕೊಳ್ಳಿ. ನಡುವಿನಿಂದ ಎಲ್ಲ ಕಡೆಗೂ ಹರಡಿವೆ. ಧ್ರುವದಿಂದ ಕಾಂತರೇಖೆಗಳೂ ಹಾಗೇ. ನೀವು ಒಂದೇ ಕಡೆ ದಿಟ್ಟಿ ನೆಟ್ಟಿದ್ದಾಗ ಛತ್ರಿ ಕಣ್ಣ ಮುಂದೆ ಅಡ್ಡ ಹಾದುಹೋದ್ರೆ, ಮೊದಲು ಎಡಕ್ಕೆ ಓರೆಯಾದ ಕಡ್ಡಿ, ಆಮೇಲೆ ನೇರ ಕಡ್ಡಿ, ಆಮೇಲೆ ಬಲಕ್ಕೆ ಓರೆಯಾದ ಕಡ್ಡಿ. ಅಳತೆ ತೋರಿಸಿದ್ದು ಅದನ್ನೇ. ಹಾದುಹೋಗ್ತಿರೋದು ಕಾಂತಧ್ರುವ ಅನ್ನೋಕೆ ಬಲವಾದ ಸಾಕ್ಷಿ ಸಿಕ್ತು.

ಈ ರಾಧಾಕೃಷ್ಣನ್ ಯಾರು ಗೊತ್ತಾ? ಸರ್ ಸಿ.ವಿ. ರಾಮನ್ ಅವರ ಮಗ. 1972ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಸದಾಶಿವನಗರದ ಆ ರಸ್ತೆಯಲ್ಲಿ ನಾನು ಎಷ್ಟೋ ಸಲ ಓಡಾಡಿದ್ದೀನಿ, ಕಾಂಪೌಂಡ್ ಗೋಡೆ ಬಿಟ್ಟು ಏನೂ ನೋಡಿರಲಿಲ್ಲ.

ಸತ್ತು ಎದ್ದ ಗಡಿಯಾರಗಳು

ಡೈನಮೋ ಸೈಕಲ್ಲು ಕೊನೆಗೊಂದು ದಿನ ನಿಧಾನ ಆಗಲೇಬೇಕು. ವೇಗ ಇಳಿದ್ರೆ ವೋಲ್ಟೇಜ್ ಇಳಿಯುತ್ತೆ. ಒಂದು ಮಟ್ಟಕ್ಕಿಂತ ಕೆಳಗೆ ಹೋದ್ರೆ ಜೋಡಿಗಳ ಸರಪಳಿ ಕಡಿದುಹೋಗುತ್ತೆ, ರೇಡಿಯೊ ನಿಲ್ಲುತ್ತೆ. ನಕ್ಷತ್ರ ತಿರುಗ್ತಾನೇ ಇರುತ್ತೆ, ದೀಪ ಮಾತ್ರ ಇಲ್ಲ. ಸಾಮಾನ್ಯ ಪಲ್ಸಾರ್‌ನ ಆಯುಸ್ಸು ಕೋಟಿ ವರ್ಷದ ಲೆಕ್ಕದಲ್ಲಿ.

ಆದ್ರೆ 1982ರಲ್ಲಿ ಅಮೆರಿಕದ ಅರೆಸಿಬೊ ದೂರದರ್ಶಕದಲ್ಲಿ ಸೆಕೆಂಡಿಗೆ 642 ಸುತ್ತು ಹಾಕೋ ಪಲ್ಸಾರ್ ಸಿಕ್ತು. ಡಾನ್ ಬ್ಯಾಕರ್ ಅವರ ಆ ತಂಡದಲ್ಲಿದ್ದ ವಿದ್ಯಾರ್ಥಿ ಶ್ರೀನಿವಾಸ ಕುಲಕರ್ಣಿ, ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದವರು, ಸುಧಾ ಮೂರ್ತಿ ಅವರ ತಮ್ಮ. ಆ ನಕ್ಷತ್ರದ ಸಮಭಾಜಕದ ಮೇಲೆ ನಿಂತ್ರೆ ನೀವು ಬೆಳಕಿನ ವೇಗದ ಸುಮಾರು ಏಳನೇ ಒಂದು ಭಾಗದ ವೇಗದಲ್ಲಿ ಸುತ್ತುತ್ತಿರ್ತೀರಿ. ಅದರ ಕಾಂತಕ್ಷೇತ್ರ ಮಾತ್ರ ದುರ್ಬಲ. ಇಷ್ಟು ವೇಗ ಹೇಗೆ ಬಂತು? ಅದೇ ವರ್ಷ ಬೆಂಗಳೂರಿನಿಂದ ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಒಂದು ಉತ್ತರ ಕೊಟ್ಟರು, ಬೇರೆ ಕಡೆಯವರೂ ಅದೇ ದಾರಿಯಲ್ಲಿ ಯೋಚಿಸ್ತಿದ್ದರು. ಇದು ಮುದಿ ಪಲ್ಸಾರ್. ಜೊತೆಗಿದ್ದ ಇನ್ನೊಂದು ನಕ್ಷತ್ರದಿಂದ ದ್ರವ್ಯ ಸುರುಳಿ ಸುತ್ತುತ್ತಾ ಇದರ ಮೇಲೆ ಬಿದ್ದು ಮತ್ತೆ ತಿರುಗಿಸಿದೆ. ನಿಲ್ತಾ ಇದ್ದ ಸೈಕಲ್ಲನ್ನ ಯಾರೋ ಹಿಂದಿನಿಂದ ದೂಡಿದ ಹಾಗೆ.

ಕಾಂತ ದುರ್ಬಲ ಆದ್ದರಿಂದ ಇವು ಓಟ ಕಳ್ಕೊಳ್ಳೋದೂ ಬಹಳ ನಿಧಾನ. ಹಾಗಾಗಿ ಅದ್ಭುತ ಗಡಿಯಾರಗಳು. ಇಂಥ ಹಲವು ಪಲ್ಸಾರ್‌ಗಳ ಬಡಿತವನ್ನ ವರ್ಷಗಟ್ಟಲೆ ಅಳೆದು, ಯಾವುದು ತುಸು ಮುಂಚೆ ಬಂತು, ಯಾವುದು ತಡವಾಯ್ತು ಅಂತ ನೋಡಿ, 2023ರ ಜೂನ್‌ನಲ್ಲಿ ವಿಶ್ವವನ್ನೆಲ್ಲ ತುಂಬಿರೋ ಅತಿ ನಿಧಾನದ ಗುರುತ್ವ ಅಲೆಗಳ ಸುಳಿವು ಸಿಕ್ಕಿದೆ ಅಂತ ಹಲವು ದೇಶಗಳ ತಂಡಗಳು ಪ್ರಕಟಿಸಿದವು. ಯುರೋಪಿನ ತಂಡದ ಜೊತೆ ಕೈಜೋಡಿಸಿದ್ದು ಭಾರತದ ಪಲ್ಸಾರ್ ತಂಡ. ಅವರ ಡೇಟಾ ಬಂದಿದ್ದು ಖೋಡದ್‌ನ ಅದೇ ಡಿಶ್‌ಗಳಿಂದ.

ಮಗಳಿಗೆ ಈಗ ಸರಿ ಉತ್ತರ ಕೊಟ್ಟಿದ್ದೀನಿ: ಅದು ಆರೋದಿಲ್ಲ. ತನ್ನ ಓಟ ಕರಗಿಸಿ ಸದಾ ಬೆಳಗ್ತಾ ಇರುತ್ತೆ. ಕಿರಣ ನಮ್ಮ ಕಡೆ ತಿರುಗಿದಾಗ ನಮಗೊಂದು ಟಕ್. ಅವಳು ಕೇಳಿದ್ದು ಒಂದೇ: "ಮತ್ತ ಅವತ್ತ ಯಾಕ ಗೊತ್ತಿಲ್ಲ ಅನ್ನಲಿಲ್ಲ ನೀ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲರ್ಟ್ ಮುಚ್ಚೋ ಕೈ ಅದು, ಅಭ್ಯಾಸ ಹೋಗಬೇಕು.

ಪ್ರಶ್ನೆಗಳು

ಚೆನ್ನೈನಿಂದ ಒಬ್ಬರು: ಕಿರಣ ನಮ್ಮ ಕಡೆ ತಿರುಗದೇ ಇದ್ರೆ?

ಆ ಪಲ್ಸಾರ್‌ನ ಬಡಿತ ನಮಗೆ ಕಾಣೋದೇ ಇಲ್ಲ. ಇದುವರೆಗೆ 3,000ಕ್ಕೂ ಹೆಚ್ಚು ಸಿಕ್ಕಿವೆ. ಕಿರಣ ನಮ್ಮನ್ನ ತಪ್ಪಿಸಿ ಸುತ್ತೋ ಪಲ್ಸಾರ್‌ಗಳು ಸಿಕ್ಕಿರೋದಕ್ಕಿಂತ ಎಷ್ಟೋ ಪಟ್ಟು ಇವೆ.

ಹೈದರಾಬಾದಿನಿಂದ: ಎಲ್ಲ ಬಡಿತವೂ ಒಂದೇ ತರಹ ಇರುತ್ತಾ?

ಇಲ್ಲ, ಇದು ನನಗೂ ಆಶ್ಚರ್ಯ ಆಗಿತ್ತು. ಒಂದೊಂದು ಬಡಿತದ ಆಕಾರವೂ ಬೇರೆ. ಕೆಲವು ಪಲ್ಸಾರ್‌ಗಳಲ್ಲಿ ನಡುನಡುವೆ ಬಡಿತವೇ ಇರಲ್ಲ. ಆದ್ರೆ ಸಾವಿರ ಬಡಿತ ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆದ್ರೆ ಪ್ರತಿ ಸಲ ಅದೇ ಆಕಾರ, ಆ ಪಲ್ಸಾರ್‌ನ ಬೆರಳಚ್ಚಿನ ಹಾಗೆ. ಗಡಿಯಾರವಾಗಿ ಬಳಸೋದು ಆ ಸರಾಸರಿಯನ್ನೇ.

ಮುಂಬೈಯಿಂದ: ಇದರಿಂದ ಜಿಪಿಎಸ್ ತರಹ ಏನಾದ್ರೂ ಮಾಡಬಹುದಾ?

ಮಾಡಿ ನೋಡಿದ್ದಾರೆ. 2017ರಲ್ಲಿ ನಾಸಾದವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲಿನ ಉಪಕರಣದಿಂದ ಪಲ್ಸಾರ್‌ಗಳ ಎಕ್ಸ್ ಕಿರಣ ಬಡಿತ ಅಳೆದು ತಾವು ಎಲ್ಲಿದ್ದೀವಿ ಅಂತ ಕಂಡುಕೊಂಡು ತೋರಿಸಿದರು. 1970ರ ದಶಕದಲ್ಲಿ ಪಯೋನಿಯರ್ ನೌಕೆಗಳ ಮೇಲೆ ಕಳಿಸಿದ ಫಲಕದಲ್ಲಿ ನಮ್ಮ ಸೂರ್ಯನ ವಿಳಾಸ ಬರೆದಿರೋದೂ 14 ಪಲ್ಸಾರ್‌ಗಳ ಗುರುತು ಹಿಡಿದೇ.

ಸಮಯ ಆಯ್ತು. ಪುಣೆ, ಮುಂಬೈಯವರು ಮುಂದಿನ ಫೆಬ್ರವರಿಗೆ ಒಂದು ದಿನ ಬಿಡುವು ಮಾಡ್ಕೊಂಡು ಖೋಡದ್‌ಗೆ ಹೋಗಿ ಬನ್ನಿ, ಮಕ್ಕಳನ್ನೂ ಕರ್ಕೊಂಡು ಹೋಗಿ. ಅವರು ಏನಾದ್ರೂ ಕೇಳಿದ್ರೆ, ಗೊತ್ತಿಲ್ಲದಿದ್ರೆ, ಮೇಜಿನ ಆಚೆ ನಿಂತಿರೋ ಹುಡುಗರನ್ನ ಕೇಳಿ. ನಮಸ್ಕಾರ.